ಡಿಸ್ಟಿಂಕ್ಟ್ ಕಿತ್ತು ಎಕ್ಸಿಸ್ಟ್ಸ್ ಹಾಕಿದೆ

ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನು, ಅಂದರೆ ಕ್ವೆರಿಯನ್ನು, ಹೇಗೆ ಬರೆದರೂ ಉತ್ತರ ಒಂದೇ, ಉಳಿದದ್ದನ್ನು ಅದನ್ನು ಓಡಿಸುವ ದಾರಿ ಆರಿಸುವ ಪ್ಲಾನರ್ ನೋಡಿಕೊಳ್ಳುತ್ತದೆ, ಸುಮ್ಮನೆ ಕೋಡ್ ಕೆದಕಬೇಡಿ ಎಂದು ತಂಡದ ಹಿರಿಯರು ಹೇಳುತ್ತಲೇ ಇದ್ದರು. ಉತ್ತರ ಒಂದೇ, ನಿಜ. ಹಿಡಿಯುವ ಹೊತ್ತು ಒಂದೇ ಅಲ್ಲ ಎಂದು ನಮ್ಮ ಸಗಟು ವ್ಯಾಪಾರದ ತಂತ್ರಾಂಶದಲ್ಲೇ ತೋರಿಸಿಕೊಟ್ಟೆ.

ಮುಂದೆ ಜ್ಯಾಂಗೊ ಎಂಬ ಪೈಥಾನ್ ವೆಬ್ ಚೌಕಟ್ಟು, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಗ್ರಾಹಕರು ಸುಮಾರು ನಾಲ್ಕು ಲಕ್ಷ, ಆರ್ಡರ್‌ಗಳು ತೊಂಬತ್ತು ಲಕ್ಷದ ಆಸುಪಾಸು. 'ಎರಡು ವರ್ಷದಲ್ಲಿ ಒಮ್ಮೆಯಾದರೂ ಖರೀದಿಸಿದವರು' ಎಂಬ ಪಟ್ಟಿ ತೆರೆಯಲು ಹತ್ತು ಹನ್ನೆರಡು ಸೆಕೆಂಡು ಹಿಡಿಯುತ್ತಿತ್ತು. ಕೋಡ್ ಎಲ್ಲರೂ ಬರೆಯುವಂಥದ್ದೇ: ಆರ್ಡರ್ ದಿನಾಂಕದ ಮೇಲೆ ಫಿಲ್ಟರ್, ಕೊನೆಗೆ ಪುನರಾವರ್ತನೆ ತೆಗೆಯಲೊಂದು ಡಿಸ್ಟಿಂಕ್ಟ್. ಎರಡು ಟೇಬಲ್ ಬೆಸೆಯುವ ಜಾಯಿನ್ ಒಬ್ಬನೇ ಗ್ರಾಹಕನನ್ನು ಆರ್ಡರ್ ಇದ್ದಷ್ಟು ಸಲ ತಂದು ಸುರಿಯುತ್ತದೆ. ಡಿಸ್ಟಿಂಕ್ಟ್ ಆ ರಾಶಿಯನ್ನು ವಿಳಾಸ, ಟಿಪ್ಪಣಿ ಸಮೇತ ವಿಂಗಡಿಸುತ್ತಾ ಕೂರುತ್ತದೆ. ಸಾರ್ಟ್‌ನಂಥ (ವಿಂಗಡಣೆಯಂಥ) ಕೆಲಸಕ್ಕೆ ಸಿಗುವ ಮೆಮೊರಿಯ ಮಿತಿ, ವರ್ಕ್‌ಮೆಮ್, ಮೂಲದ 4 ಎಂಬಿಯಲ್ಲೇ ಇತ್ತು. ಕ್ವೆರಿ ಓಡಿದ ಬಗೆ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಹಾಕಿದರೆ 'ಎಕ್ಸ್‌ಟರ್ನಲ್ ಮರ್ಜ್' ಎಂಬ ಸಾಲು ಕಣ್ಣಿಗೆ ಬಿತ್ತು. ಸಾರ್ಟ್ ಡಿಸ್ಕಿಗೆ ಇಳಿದಿತ್ತು.

ಮೊದಲು ದುಡ್ಡು ಸುರಿದರು. ಸರ್ವರ್ ದೊಡ್ಡದಾಯಿತು, ತಿಂಗಳ ಬಿಲ್ಲು ಹದಿನೆಂಟು ಸಾವಿರದಿಂದ ಮೂವತ್ತೈದರ ಹತ್ತಿರ ಹೋಯಿತು, ಉಳಿತಾಯವಾದದ್ದು ಎರಡು ಸೆಕೆಂಡು. ವರ್ಕ್‌ಮೆಮ್ ಏರಿಸಿದೆವು, ಪ್ರತಿ ಸಂಪರ್ಕವೂ ಪ್ರತಿ ಸಾರ್ಟ್‌ಗೂ ಅಷ್ಟಷ್ಟು ಕಬಳಿಸಿ, ಸಂಜೆಯ ದಟ್ಟಣೆಯಲ್ಲಿ ಮೆಮೊರಿ ಬರಿದಾಯಿತು. ಬೇಗ ಹುಡುಕಲು ಇಟ್ಟಿದ್ದ ದಿನಾಂಕದ ಇಂಡೆಕ್ಸನ್ನು ಪ್ಲಾನರ್ ಮುಟ್ಟಲೇ ಇಲ್ಲ, ಅರ್ಧ ಟೇಬಲ್ಲೇ ಆ ಎರಡು ವರ್ಷದೊಳಗಿತ್ತಲ್ಲ.

ಆಗ ಹೊರಗಿನ ಕ್ವೆರಿಯ ಸಾಲನ್ನು ತೋರಿಸುವ ಔಟರ್‌ರೆಫ್‌ಗೆ ಗ್ರಾಹಕನ ಐಡಿ ಕೊಟ್ಟು, 'ಇಂಥ ಆರ್ಡರ್ ಒಂದಾದರೂ ಇದೆಯೇ' ಎಂದು ಕೇಳುವ ಎಕ್ಸಿಸ್ಟ್ಸ್ ಬರೆದೆ, ಡಿಸ್ಟಿಂಕ್ಟ್ ಕಿತ್ತೆ. ಜ್ಯಾಂಗೊ 1.11ರ ಕಾಲದಲ್ಲಾದರೆ ಅದನ್ನು ಮೊದಲು ಆನೊಟೇಟ್ ಮಾಡಿ ಹೆಚ್ಚುವರಿ ಅಂಕಣವಾಗಿ ಸೇರಿಸಬೇಕಿತ್ತು, 3.0ರಿಂದ ನೇರ ಫಿಲ್ಟರ್ ಒಳಗೇ ಹಾಕಬಹುದು. ಪ್ಲಾನ್‌ನಲ್ಲಿ ಸೆಮಿ ಜಾಯಿನ್ ಬಂತು. ಒಂದು ಆರ್ಡರ್ ಸಿಕ್ಕರೆ ಸಾಕು, ಮುಂದಿನ ಗ್ರಾಹಕ. ಐವತ್ತು ಮಂದಿ ಸಿಕ್ಕರೆ ಪುಟ ತುಂಬಿತು. ಗ್ರಾಹಕ, ದಿನಾಂಕ ಎರಡನ್ನೂ ಸೇರಿಸಿದ ಇಂಡೆಕ್ಸ್ ಜೊತೆಗಿದ್ದುದರಿಂದ ಅರ್ಧ ಸೆಕೆಂಡಿನೊಳಗೆ ಕೆಲಸ ಮುಗಿಯಿತು. ಸರ್ವರ್ ಹಳೆಯ ಗಾತ್ರಕ್ಕೆ ಮರಳಿತು, ಬಿಲ್ಲೂ ಇಳಿಯಿತು.

ಕುತೂಹಲಕ್ಕೆ ಐಡಿ ಇನ್ ಸಬ್‌ಕ್ವೆರಿಯನ್ನೂ, ಅಂದರೆ ಒಳಗಿನ ಕ್ವೆರಿ ಕೊಟ್ಟ ಪಟ್ಟಿಯಲ್ಲಿ ಐಡಿ ಇದೆಯೇ ಎಂದು ನೋಡುವುದನ್ನೂ, ಓಡಿಸಿದೆ. ಅದಕ್ಕೂ ಅದೇ ಸೆಮಿ ಜಾಯಿನ್. ಅಲ್ಲಿಗೆ ಹಿರಿಯರ ಮಾತು ಸರಿ. ಆದರೆ 'ಖರೀದಿಸದವರು' ಬೇಕೆಂದು ಅದನ್ನೇ ಹೊರಗಿಡುವ ಎಕ್ಸ್‌ಕ್ಲೂಡ್‌ಗೆ ಹಾಕಿದರೆ ನಾಟ್ ಇನ್ ಆಗುತ್ತದೆ. ನಲ್ (ಖಾಲಿ ಮೌಲ್ಯ) ಬಂದರೆ ಅರ್ಥವೇ ಬೇರೆಯಾಗುವುದರಿಂದ ನಮ್ಮ ಪೋಸ್ಟ್‌ಗ್ರೆಸ್ ಆವೃತ್ತಿ ಅದನ್ನು ಜೋಡಿ ಸಿಗದವರನ್ನಷ್ಟೇ ಉಳಿಸುವ ಆಂಟಿ ಜಾಯಿನ್ ಮಾಡುವುದಿಲ್ಲ. ಒಳಗಿನ ಕ್ವೆರಿಯ ಸಬ್‌ಪ್ಲಾನ್ ಮೆಮೊರಿಗೆ ಹಿಡಿಸದೆ, ಊಟ ಮುಗಿಸಿ ಬಂದರೂ ಓಡುತ್ತಲೇ ಇತ್ತು. ಎಕ್ಸಿಸ್ಟ್ಸ್ ಮುಂದೆ 'ಇಲ್ಲ' ಎನ್ನುವ ನಿಷೇಧ ಚಿಹ್ನೆ (~) ಇಟ್ಟೆ, ಎರಡು ಮೂರು ಸೆಕೆಂಡಿನಲ್ಲಿ ಇಡೀ ಪಟ್ಟಿ ಬಂತು. ಎಕ್ಸ್‌ಕ್ಲೂಡ್ ಒಳಗೆ ಐಡಿ ಇನ್ ಬರೆದು ತಂದರೆ ಈಗ ನಾನು ಆ ಕೋಡನ್ನು ಮುಖ್ಯ ಕೋಡಿಗೆ ಮರ್ಜ್ ಮಾಡುವುದಿಲ್ಲ.