ಮಳೆಗಾಲದಿಂದ ಮೊದಲ್ಗೊಂಡ ನಮ್ಮ ಮನೆಯ ಸತ್ಯವೇದ ಪಠಣ

ಒಂದೇ ವರ್ಷದಲ್ಲಿ ಸತ್ಯವೇದವನ್ನು, ಅಂದರೆ ಬೈಬಲನ್ನು, ಆದ್ಯಂತವಾಗಿ ಓದಿ ಮುಗಿಸಲು ಹೊಸ ವರ್ಷದ ಆರಾಧನೆಯ ದಿನ ಹಂಚುವ ಪಟ್ಟಿ, ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುವವರಿಗೆ ಹೊಂದುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರೊಟೆಸ್ಟಂಟರಾದ ನಮ್ಮ ಸತ್ಯವೇದದ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿದ್ದು, ವರ್ಷದೊಳಗೆ ಮುಗಿಸಬೇಕಾದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಬೇಕು. ಆ ಲೆಕ್ಕದಲ್ಲಿ ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯಗಳು ಕಳೆದು ಯಾಜಕಕಾಂಡದ ಬಲಿವಿಧಿಗಳು ಎದುರಾಗುವುದು ಜನವರಿಯ ಕೊನೆಗೆ, ಅಂದರೆ ರೊಬಸ್ಟಾ ಕಾಫಿಯ ಕೊಯ್ಲು ಬಿರುಸಾಗಿರುವಾಗಲೇ. ಸಿದ್ದಾಪುರದ ಕಡೆಯ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿರುವ ನಾನು ಆ ದಿನಗಳಲ್ಲಿ ಹಣ್ಣು ತೂಗಿಸಿ, ಆಳುಗಳ ಹಾಜರಿಯ ಮಸ್ಟರ್ ಬರೆದು ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಕೊಯ್ದವರ ದಣಿವನ್ನಂತೂ ಹೇಳುವುದೇ ಬೇಡ.

ಆದುದರಿಂದ ನಮ್ಮ ಓದಿನ ವರ್ಷವನ್ನು ಜೂನ್‌ನಿಂದ ಆರಂಭಿಸಿದೆ. ಮಳೆ ಹಿಡಿದರೆ ಸಂಜೆಯ ತಿರುಗಾಟ ತಾನಾಗಿಯೇ ನಿಲ್ಲುತ್ತದೆ, ಮನೆಮಂದಿಯೆಲ್ಲ ಒಂದೆಡೆ ಸಿಗುತ್ತಾರೆ. ಮೊದಲಿಗೆ ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ಆರಿಸಿಕೊಂಡೆವು. ಅದರಲ್ಲಿ 260 ಅಧ್ಯಾಯಗಳಿವೆ; ವಾರಕ್ಕೆ ಐದರಂತೆ ಓದಿದರೆ ಸರಿಯಾಗಿ 52 ವಾರಗಳಾಗುತ್ತವೆ. ಶನಿವಾರವನ್ನು ತಪ್ಪಿಹೋದ ಅಧ್ಯಾಯಕ್ಕೆಂದು ಬಿಟ್ಟುಕೊಂಡೆವು. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದಾದ, 16 ಅಧ್ಯಾಯಗಳ ಮಾರ್ಕನ ಸುವಾರ್ತೆಯನ್ನೇ ಮೊದಲು ತೆಗೆದುಕೊಂಡೆವು, ಏಕೆಂದರೆ ಒಂದು ಪುಸ್ತಕವನ್ನು ಬೇಗನೆ ಮುಗಿಸಿದ ತೃಪ್ತಿ ಮಕ್ಕಳಿಗೆ ಅಗತ್ಯವಾಗಿತ್ತು.

ಹೊಸ ವೇಳೆಯೊಂದನ್ನು ನಾನು ಹುಡುಕಲಿಲ್ಲ. ರಾತ್ರಿ ಊಟಕ್ಕೆ ಮುಂಚಿನ ಕುಟುಂಬ ಪ್ರಾರ್ಥನೆ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಓದನ್ನು ಅದರ ಮುಂದಕ್ಕೆ ಸೇರಿಸಿದೆ, ಅಷ್ಟೆ. ಅಮ್ಮನಿಗೆ ಓದು ಬಾರದ ಕಾರಣ ಗಟ್ಟಿಯಾಗಿ ಓದುವುದು ಅನಿವಾರ್ಯವಾಯಿತು, ಮತ್ತು ಈ ಅಭ್ಯಾಸ ಉಳಿದುಕೊಂಡದ್ದು ಬಹುಮಟ್ಟಿಗೆ ಅದರಿಂದಲೇ ಎಂದು ನಾನು ಭಾವಿಸುತ್ತೇನೆ. ಕಣ್ಣಿನಲ್ಲೇ ಓದುವವನು ಎಷ್ಟು ಓದಿದನೆಂದು ಯಾರಿಗೂ ತಿಳಿಯದು, ಆದರೆ ಕೇಳಲು ಕುಳಿತ ತಾಯಿಯ ಮುಂದೆ ಹಾರಿಸಿ ಓದುವಂತಿಲ್ಲ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ದಿನಗಟ್ಟಲೆ ಬಾರದಿರುವಾಗ ಮೊಬೈಲಿನ ಬೈಬಲನ್ನು ನಂಬಲಾಗದು. ದಪ್ಪಕ್ಷರದ ಪುಸ್ತಕ ಮತ್ತು ಟಾರ್ಚ್ ಮೇಜಿನ ಮೇಲೆಯೇ ಇರುತ್ತವೆ.

ಕೊಯ್ಲಿನ ತಿಂಗಳುಗಳಲ್ಲಿ ಪಟ್ಟಿಯನ್ನು ಬದಿಗಿಟ್ಟು ಸತ್ಯವೇದದ ಸ್ತುತಿಗೀತೆಗಳಾದ ಕೀರ್ತನೆಗಳಿಗೆ ಬರುತ್ತೇವೆ. 119ನೆಯ ಕೀರ್ತನೆಯಲ್ಲಿ 176 ವಚನಗಳಿದ್ದರೂ ಅದು ಎಂಟೆಂಟು ವಚನಗಳ 22 ಭಾಗಗಳಾಗಿರುವುದರಿಂದ ರಾತ್ರಿಗೊಂದು ಭಾಗ ಸಾಕು. ತೀರಾ ದಣಿದ ದಿನಕ್ಕೆ ಎರಡೇ ವಚನಗಳ 117ನೆಯ ಕೀರ್ತನೆ ಇದ್ದೇ ಇದೆ. ಹೀಗೆ ಪಟ್ಟಿ ವರ್ಷ ಮೀರುತ್ತದೆ, ಮೀರಲಿ.

ಕೊಯ್ಲು ಮುಗಿದು ಗಿಡದಡಿ ಉದುರಿದ ಕಾಫಿ ಆಯುವ ಸಮಯಕ್ಕೆ ರೂತಳ ಪುಸ್ತಕವನ್ನು ಓದಿದೆವು. ಬಿದ್ದ ತೆನೆಗಳನ್ನು ಆಯಲು ಹೋದ ರೂತಳಿಗಾಗಿ, ಕಟ್ಟುಗಳಿಂದಲೇ ಕೆಲವನ್ನು ಎಳೆದು ಬಿಟ್ಟುಬಿಡಿರೆಂದು ಹೊಲದ ಒಡೆಯ ಬೋವಜನು ಆಳುಗಳಿಗೆ ಹೇಳುವ ಭಾಗ ಬಂದಾಗ, ತೋಟದ ಕೆಲಸಗಾರರ ಲೈನ್ ಮನೆಯಿಂದ ಓದು ಕೇಳಲು ಬಂದಿದ್ದ ಹೆಂಗಸೊಬ್ಬರು, “ಉದುರಿದ್ದು ಆಯ್ದವಳಿಗೇ ಸೇರ್ತಿತ್ತಾ ಅಣ್ಣಾ?” ಎಂದು ಕೇಳಿದರು. ನಮ್ಮಲ್ಲಿ ಉದುರು ಕಾಫಿಯೂ ತೋಟದವರದೇ; ಆಯ್ದವರಿಗೆ ಸಿಗುವುದು ಕೂಲಿ. ಆ ರಾತ್ರಿ ಯಾಜಕಕಾಂಡದ 19ನೆಯ ಅಧ್ಯಾಯ ತೆರೆದು, ಹೊಲದ ಅಂಚನ್ನೂ ದ್ರಾಕ್ಷಿತೋಟದಲ್ಲಿ ಉದುರಿದ ಹಣ್ಣನ್ನೂ ಬಡವರಿಗೆ ಮತ್ತು ಪರದೇಶಿಗಳಿಗೆ ಬಿಡಬೇಕೆಂಬ ಆಜ್ಞೆಯನ್ನು ಓದಿದೆವು. ತೂಕದ ಪುಸ್ತಕ ಹಿಡಿಯುವ ನನಗೆ ಆ ಮಾತು ಸ್ವಲ್ಪ ಇರಿಸುಮುರಿಸು ಉಂಟುಮಾಡಿತೆಂಬುದು ನಿಜ. ಪಟ್ಟಿಯ ಪ್ರಕಾರ ಎಲ್ಲರನ್ನೂ ದಣಿಸುವ ಯಾಜಕಕಾಂಡಕ್ಕೆ ನಮ್ಮ ಮನೆಯವರು ಹೊಕ್ಕದ್ದು ಈ ಬಾಗಿಲಿನಿಂದ.

ಅಂದಿನಿಂದ ಲೈನಿನ ಇನ್ನೂ ಕೆಲವರು ಬರತೊಡಗಿದ್ದಾರೆ. ಅವರಲ್ಲಿ ಕಥೋಲಿಕರೂ ಇದ್ದಾರೆ. ಅವರ ಬೈಬಲಿನಲ್ಲಿ 73 ಪುಸ್ತಕಗಳಿದ್ದು, ಪೂಜೆಯ ವಾಚನಗಳಿಗೆ ಬೇರೆಯೇ ಕ್ರಮವಿರುವುದರಿಂದ, ಅವರಿಗೂ ನಮಗೂ ಸಮಾನವಾದ ಪುಸ್ತಕಗಳನ್ನೇ ಆರಿಸುತ್ತೇವೆ. ಬರುವ ಜೂನ್‌ನಿಂದ ಆದಿಕಾಂಡ. ಉದ್ದುದ್ದದ ವಂಶಾವಳಿಗಳನ್ನು ಗಟ್ಟಿಯಾಗಿ ಓದುವುದು ಬೇಡವೆಂದು ನಾನು ಸೂಚಿಸಿದ್ದೇನೆ; ಅಮ್ಮ ಇನ್ನೂ ಒಪ್ಪಿಲ್ಲ.