ಕರಡಿ ಸೀಳಿದ ಗಾಯ, ಹೊಲಿಗೆ ಬಿಚ್ಚಿದ ಮೇಲೆ ಮಾಯ್ದಿದ್ದು

ನಮ್ಮ ಹೊಲ ಸಂಡೂರು ತಾಲೂಕಲ್ಲಿ, ದರೋಜಿ ಕರಡಿಧಾಮದ ಕಡೆ. ಶೇಂಗಾ ಬಲಿಯೋ ಹೊತ್ತಿಗೆ ಇಲ್ಲಿ ಕರಡಿ ಬರುವುದು ಹೊಸದಲ್ಲ. ನಮ್ಮ ನಾಯಿ ಕರಿಯ ಅಡ್ಡ ಹೋಗಿ ಹೊಡೆತ ತಿಂದ. ತೊಡೆಯಿಂದ ಪಕ್ಕೆವರೆಗೆ ಚರ್ಮ ಜೋತಾಡುತ್ತಿತ್ತು. ಹುತ್ತ ಅಗೆಯೋ ಉಗುರು ಅಲ್ವಾ, ಮೇಲೆ ಕಾಣೋ ಗಾಯಕ್ಕಿಂತ ಒಳಗೆ ಚರ್ಮ ಬಿಟ್ಟುಕೊಂಡ ಜಾಗವೇ ಜಾಸ್ತಿ.

"ಬಿಟ್ಟುಬಿಡಪ್ಪಾ, ಇದು ವಾರ ಉಳಿಯಲ್ಲ" ಅಂದವರೇ ಎಲ್ಲರೂ. ಮೊದಲು ತೋರಿಸಿದ ಕಡೆ ಗಾಯವನ್ನು ಪೂರ್ತಿ ಹೊಲಿದರು. ಎರಡು ಸಾವಿರದ ಮೇಲೆ ಹೋಯಿತು. ನಾಲ್ಕೈದು ದಿನಕ್ಕೆ ಊದಿಕೊಂಡು, ಹೊಲಿಗೆ ಸಂದಿಯಲ್ಲಿ ಕೀವು ಬಂತು, ನಾತ ಹತ್ತಿರ ನಿಲ್ಲೋಕಾಗಲ್ಲ. ಇನ್ನೊಬ್ಬ ಡಾಕ್ಟ್ರು ಕೆಳಗಿನ ಹೊಲಿಗೆ ಬಿಚ್ಚಿ ಗಾಯದ ಬಾಯಿ ತೆರೆದೇ ಇಟ್ಟರು. ಆಂಟಿಬಯೋಟಿಕ್ ಬರೆದರು, ರೇಬೀಸ್ ಇಂಜೆಕ್ಷನ್ 0, 3, 7, 14, 28ನೇ ದಿನದ ಲೆಕ್ಕದಲ್ಲಿ ಶುರು ಮಾಡಿದರು. ವರ್ಷದ ಲಸಿಕೆ ಆಗಿದೆ ಅಂತ ಇದನ್ನು ಬಿಡಬೇಡಿ.

ತೊಳೆಯೋದು ನನ್ನ ಪಾಲಿಗೆ ಬಂತು, ನಾಯಿ ಉಳಿದಿದ್ದು ಅದರಿಂದಲೇ ಅಂತ ಧೈರ್ಯವಾಗಿ ಹೇಳ್ತೀನಿ. ಲೀಟರ್ ನೀರು ಕುದಿಸಿ 9 ಗ್ರಾಂ ಉಪ್ಪು, ಉಗುರುಬೆಚ್ಚಗೆ ಆರಿಸಿ, ಸೂಜಿ ತೆಗೆದ 20 ಎಂಎಲ್ ಸಿರಿಂಜಿನಲ್ಲಿ ಒಳಗೆ ಬಿಡೋದು. ಮೊದಲು ಕಂದು ಬಣ್ಣದ ಗಟ್ಟಿ ಕೀವು, ಆಮೇಲೆ ಕೆಂಪು ನೀರು, ಕೊನೆಗೆ ತಿಳಿ. ತಿಳಿ ಬರೋವರೆಗೂ ತೊಳೆಯೋದು ನಿಲ್ಲಿಸಬಾರದು. ದಿನಕ್ಕೆ ಎರಡು ಸಲ. ಕಚ್ಚದಂತೆ ನಾಯಿಯ ಬಾಯಿಗೆ ಬ್ಯಾಂಡೇಜ್ ಬಟ್ಟೆ ಕಟ್ಟಿದ್ದೆ, ಆದರೆ ಬಿಸಿಲಲ್ಲಿ ಜಾಸ್ತಿ ಹೊತ್ತು ಕಟ್ಟಬೇಡಿ, ಅದಕ್ಕೆ ತೇಕು ಹತ್ತುತ್ತೆ.

ನಡುವೆ ಜೇನು ಹಚ್ಚಿ ನೋಡಿದೆ. ಗಾಯ ಚೆನ್ನಾಗೇ ಕೆಂಪಾಯಿತು, ಆದರೆ ನಮ್ಮ ಬಯಲಲ್ಲಿ ಇರುವೆ ಮುತ್ತಿಕೊಂಡವು, ನಿಲ್ಲಿಸಿದೆ. ಫಿನಾಯಿಲ್ ಸುರಿ ಅಂದವರಿಗೆ ಜಗಳ ಮಾಡಿಯೇ ಕಳಿಸಿದೆ, ಅದು ನಾಯಿಗೆ ವಿಷ. ನೊಣ ಕೂತರೆ ದಿನದೊಳಗೆ ಹುಳ ಆಗುತ್ತೆ, ಅದಕ್ಕೆ ಅಂಚಿಗೆ ಮಾತ್ರ ಬೇವಿನೆಣ್ಣೆ ಸವರುತ್ತಿದ್ದೆ, ಒಳಗಲ್ಲ. ಎಣ್ಣೆಗೆ ಇನ್ನೊಂದು ಸೊಪ್ಪು ಕಾಯಿಸಿ ಹಾಕ್ತಿದ್ದೆ, ಅದು ನಮ್ಮ ಮನೆಯದು, ಹೆಸರು ಬೇಡ. ನೆಕ್ಕದಂತೆ ಹಳೇ ಪ್ಲಾಸ್ಟಿಕ್ ಬಕೆಟ್ಟಿನ ತಳ ಕೊಯ್ದು ಕೊರಳಿಗೆ ಹಾಕಿದ್ದೆ.

ಒಳಗಿಂದ ತುಂಬಿಕೊಂಡು ಬರಲು ಒಂದೂವರೆ ತಿಂಗಳ ಹತ್ತಿರ ಹಿಡಿಯಿತು. ಎಲ್ಲಾ ಸೇರಿ ಆರೇಳು ಸಾವಿರ ಆಗಿರಬಹುದು, ಅದರಲ್ಲಿ ಮೂರನೇ ಒಂದು ಪಾಲು ಆ ಮೊದಲ ಹೊಲಿಗೆಗೇ. ಈಗ ಓಡ್ತಾನೆ, ಸ್ವಲ್ಪ ಎಳೆದು ಓಡ್ತಾನೆ. ಶೇಂಗಾ ಹೊತ್ತಲ್ಲಿ ರಾತ್ರಿ ಕಟ್ಟಿಯೇ ಹಾಕ್ತೀನಿ. ಬೊಗಳಿದರೆ ಸಾಕು, ಕರಡಿ ಮುಂದೆ ನಿಲ್ಲೋ ಕೆಲಸ ಅವನದಲ್ಲ.