ಗರಿಕೆ ಎಲ್ಲೆಲ್ಲಿದೆ, ಎಷ್ಟು ಸುರಕ್ಷಿತ: ನಕ್ಷೆ ಹಾಕಿ ಅಳೆಯುವ ಬಗೆ

ಗರಿಕೆಯ ನಕ್ಷೆ ಹೆಚ್ಚಾಗಿ ಕೆಡುವುದು ಗುರುತಿಸುವ ಹಂತದಲ್ಲೇ. ಬೆರಳು ಚಾಚಿದಂಥ ತೆನೆ ಕಂಡ ಕೂಡಲೇ ಬರೆದುಕೊಂಡರೆ ಇನ್ನೂ ಮೂರ್ನಾಲ್ಕು ಹುಲ್ಲು ಅದೇ ಪಟ್ಟಿಗೆ ನುಸುಳುತ್ತವೆ. ಎಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಅದು ಕಾಂಡದಿಂದ ಬೇರೆಯಾಗುವ ಜಾಗವನ್ನು ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್‌ನಲ್ಲಿ ನೋಡಿ. ಗರಿಕೆಯಲ್ಲಿ, ಅಂದರೆ ಸೈನೊಡಾನ್ ಡ್ಯಾಕ್ಟಿಲಾನ್‌ನಲ್ಲಿ, ಅಲ್ಲಿ ಗಿಡ್ಡ ಬಿಳಿ ಕೂದಲಿನ ಸಾಲು ಕಾಣುತ್ತದೆ; ಅದರಂತೆಯೇ ಕಾಣುವ ಡಿಜಿಟೇರಿಯಾ ಹುಲ್ಲಿನಲ್ಲಿ ತೆಳು ಪೊರೆ. ಗರಿಕೆಯ ತೆನೆಯ ಕಡ್ಡಿಗಳು ಸಾಮಾನ್ಯವಾಗಿ 3ರಿಂದ 6, ಎಲ್ಲವೂ ಒಂದೇ ಬುಡದಿಂದ ಹೊರಟಿರುತ್ತವೆ. ಕಿರುತೆನೆ 2 ಮಿ.ಮೀ.ಗಿಂತ ತುಸು ಹೆಚ್ಚು, ಒಂದರಲ್ಲಿ ಒಂದೇ ಹೂ. ಎಲ್ಯುಸಿನ್ ಇಂಡಿಕಾದಲ್ಲಾದರೆ ಹಲವು ಹೂ, ಗಿಡದ ಬುಡ ಚಪ್ಪಟೆ, ನೆಲದ ಮೇಲೆ ಹರಿದು ಗೆಣ್ಣಿನಲ್ಲಿ ಬೇರುಬಿಡುವ ಕುಡಿ ಇಲ್ಲ. ಡ್ಯಾಕ್ಟಿಲೊಕ್ಟೀನಿಯಂನ ಕಡ್ಡಿಯ ತುದಿ ಬೋಳಾಗಿ ಮುಳ್ಳಿನಂತೆ ಮುಂದೆ ಚಾಚಿರುತ್ತದೆ.

ಸಿಕ್ಕ ಜಾಗದ ಅಕ್ಷಾಂಶ, ರೇಖಾಂಶವನ್ನು ದಶಮಾಂಶದಲ್ಲಿ ನಾಲ್ಕು ಸ್ಥಾನದವರೆಗೆ ಬರೆಯಿರಿ. ಎರಡೇ ಸ್ಥಾನಕ್ಕೆ ನಿಲ್ಲಿಸಿದರೆ ಕಿಲೋಮೀಟರ್‌ನಷ್ಟು ಆಚೀಚೆ ಆಗುತ್ತದೆ.

ಜೀವಿಗಳು ಕಂಡ ಜಾಗಗಳ ಜಾಗತಿಕ ಆನ್‌ಲೈನ್ ಭಂಡಾರವಾದ ಜಿಬಿಐಎಫ್‌ನಿಂದ ಹಳೆಯ ದಾಖಲೆಗಳನ್ನು ಇಳಿಸಿಕೊಳ್ಳುವಾಗ ಸಮಾನನಾಮಗಳನ್ನೂ, ಅಂದರೆ ಅದೇ ಹುಲ್ಲಿನ ಬೇರೆ ವೈಜ್ಞಾನಿಕ ಹೆಸರುಗಳನ್ನೂ, ಹುಡುಕಿ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಪ್ಯಾನಿಕಂ ಡ್ಯಾಕ್ಟಿಲಾನ್ ಎಂದು ಕರೆದಿದ್ದ; ಸೈನೊಡಾನ್ ಕುಲಕ್ಕೆ ಸೇರಿದ್ದು 1805ರಲ್ಲಿ. ಇನ್ನು ಶುದ್ಧಿ ಮಾಡುವ ಕೆಲಸ. ಅಕ್ಷಾಂಶ ರೇಖಾಂಶ ಎರಡೂ ಸೊನ್ನೆಯಾದ ಬಿಂದು, ಸಮುದ್ರದಲ್ಲಿ ಬಿದ್ದವು, ನಿಖರ ಜಾಗ ಗೊತ್ತಿಲ್ಲದೆ ದೇಶದ ನಟ್ಟನಡುವೆ ಕೂತವು, ಅಕ್ಷಾಂಶ ರೇಖಾಂಶ ಅದಲುಬದಲಾದವು: ಅದಲುಬದಲಾದದ್ದನ್ನು ತಿದ್ದಿ, ಉಳಿದವನ್ನು ತೆಗೆಯಿರಿ. ಬೆಳೆಸಿದ ಹುಲ್ಲುಹಾಸಿನ ದಾಖಲೆಯೂ ಬೇಡ. ಮನುಷ್ಯ ಒಯ್ದು ಹಬ್ಬಿಸಿದ ದೇಶಗಳ ಬಿಂದುಗಳು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿರಲಿ, ಲೆಕ್ಕಕ್ಕೆ ಬರಬಾರದು. ಯಾವ ದೇಶ ಮೂಲನೆಲೆ ಎಂಬುದಕ್ಕೆ ಕ್ಯೂ ಸಸ್ಯೋದ್ಯಾನದ ಆನ್‌ಲೈನ್ ಸಸ್ಯಪಟ್ಟಿ ನೋಡಬಹುದು.

ಉಳಿದ ಬಿಂದುಗಳನ್ನು ಜಿಯೋಕ್ಯಾಟ್ ಎಂಬ ಆನ್‌ಲೈನ್ ಸಾಧನಕ್ಕೆ ಹಾಕಿದರೆ ಎರಡು ಅಂಕಿ ಸಿಗುತ್ತವೆ. ಎಲ್ಲ ಬಿಂದುಗಳನ್ನೂ ಒಳಗೊಳ್ಳುವ, ಎಲ್ಲೂ ಒಳಕ್ಕೆ ಬಾಗದ ಬಹುಭುಜದ ವಿಸ್ತೀರ್ಣ ಒಂದು. 2 ಕಿ.ಮೀ. ಬದಿಯ ಚೌಕಗಳಲ್ಲಿ ಬಿಂದು ಬಿದ್ದವನ್ನು ಎಣಿಸಿ 4ರಿಂದ ಗುಣಿಸಿದ್ದು ಇನ್ನೊಂದು. ಜೀವಿಗಳ ಅಳಿವಿನ ಅಪಾಯವನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಮಾನದಂಡದಲ್ಲಿ 'ಅಪಾಯಕ್ಕೀಡಾಗಬಲ್ಲ' ವರ್ಗದ ಮಿತಿ ಮೊದಲನೆಯದಕ್ಕೆ 20,000, ಎರಡನೆಯದಕ್ಕೆ 2,000 ಚದರ ಕಿ.ಮೀ.

ಎಡವುವುದು ಇಲ್ಲೇ. ಸಾಮಾನ್ಯ ಹುಲ್ಲನ್ನು ಯಾರೂ ಕಿತ್ತು ಹರ್ಬೇರಿಯಂಗೆ, ಅಂದರೆ ಒಣಗಿಸಿದ ಸಸ್ಯಗಳ ಸಂಗ್ರಹಾಲಯಕ್ಕೆ, ಒಯ್ಯುವುದಿಲ್ಲ. ಅಪರೂಪದ ಆರ್ಕಿಡ್‌ಗೆ ಸಿಗುವ ಮರ್ಯಾದೆ ಇದಕ್ಕಿಲ್ಲ. ದಾಖಲೆ 500 ಚೌಕಕ್ಕಿಂತ ಕಡಿಮೆ ಇದ್ದರೆ ಎರಡನೆಯ ಅಂಕಿ ಮಿತಿಯೊಳಗೆ ಬಂದುಬಿಡುತ್ತದೆ. ಅದು ಹುಲ್ಲಿನ ಕೊರತೆಯಲ್ಲ, ದಾಖಲೆಯ ಕೊರತೆ. ಅದಲ್ಲದೆ ವಿಸ್ತೀರ್ಣ ಚಿಕ್ಕದಿದ್ದರಷ್ಟೇ ಸಾಲದು. ನೆಲೆ ಚೂರುಚೂರಾಗಿರುವುದು ಅಥವಾ ತಾಣಗಳು ಬೆರಳೆಣಿಕೆಯಷ್ಟಿರುವುದು, ಇಳಿಕೆ ಮುಂದುವರಿದಿರುವುದು, ಸಂಖ್ಯೆ ವಿಪರೀತ ಏರಿಳಿಯುವುದು: ಈ ಮೂರರಲ್ಲಿ ಎರಡಾದರೂ ಜೊತೆಗಿರಬೇಕು. ಹಾಗಿಲ್ಲದೆ, ಬೇರೆ ಮಾನದಂಡಗಳ ಮಿತಿಯ ಹತ್ತಿರವೂ ಸುಳಿಯದಿದ್ದರೆ 'ಕನಿಷ್ಠ ಕಾಳಜಿ' ಎಂದು ಬರೆಯಿರಿ. ಯಾರೂ ಅಳೆದೇ ಇಲ್ಲದ ಹುಲ್ಲಿಗೆ 'ಮಾಹಿತಿ ಸಾಲದು' ಎಂದು ಹಾಕುವವರಿದ್ದಾರೆ. ಅದು ತಪ್ಪು, ಅದರ ವರ್ಗ 'ಮೌಲ್ಯಮಾಪನವಾಗಿಲ್ಲ'.

ತೆಗೆದುಹಾಕಿದ ಬಿಂದುಗಳನ್ನು ಅಳಿಸದೆ, ಕಾರಣ ಬರೆದು ಬೇರೆ ಕಡತದಲ್ಲಿಡಿ. ಹತ್ತು ವರ್ಷ ದಾಟಿದರೆ ಮತ್ತೆ ಅಳೆಯಬೇಕು, ಆಗ ಅದೇ ಕಡತ ಮೊದಲು ಬೇಕಾಗುತ್ತದೆ.